ಹಣ ಕೊಟ್ಟವರ ಪಾಲು

ನಾನು ಸಿನಿಮಾದವನಲ್ಲ, ಲೆಕ್ಕಪತ್ರದವನು. ಕೋಟದಲ್ಲಿ ಹೈಸ್ಕೂಲು, ಉಡುಪಿಯಲ್ಲಿ ಬಿ.ಕಾಂ., 1996ರಿಂದ ಅಮೆರಿಕದ ಅಯೋವಾ ರಾಜ್ಯದಲ್ಲಿ ವಿಮಾ ಕಂಪನಿಯೊಂದರ ನೌಕರಿ. ಇಂಥವನು ಕಪ್ಪು ಅಮೆರಿಕನ್ ಚಿತ್ರನಿರ್ದೇಶಕರ ಸ್ವಾತಂತ್ರ್ಯದ ಬಗ್ಗೆ ಬರೆಯಲು ಕೂತರೆ ಓದುವವರಿಗೆ ಅನುಮಾನ ಬರುವುದು ಸಹಜ. ನನಗಿರುವ ಅಧಿಕಾರ ಇಷ್ಟೇ: ಅಂಥ ಒಬ್ಬ ನಿರ್ದೇಶಕನ ಸ್ವಾತಂತ್ರ್ಯವನ್ನು ಕಿತ್ತುಕೊಂಡವರಲ್ಲಿ ನಾನೂ ಒಬ್ಬ. ಕಿತ್ತುಕೊಂಡೆ ಅನ್ನುವುದು ದೊಡ್ಡ ಮಾತಾಯಿತೇನೋ. ಕರಾರಿನ ಪ್ರಕಾರ ಪಡೆದುಕೊಂಡೆ. ಈ ಎರಡರ ನಡುವೆ ವ್ಯತ್ಯಾಸ ಇದೆ ಎಂದು ಹನ್ನೊಂದು ವರ್ಷ ನಂಬಿಕೊಂಡಿದ್ದೆ.

2014ರಲ್ಲಿ ನಮ್ಮ ಕನ್ನಡ ಕೂಟಕ್ಕೆ 25 ತುಂಬಿತು. ನಾನು ಖಜಾಂಚಿ. ಬೆಳ್ಳಿಹಬ್ಬಕ್ಕೆ ಒಂದು ಸಾಕ್ಷ್ಯಚಿತ್ರ ಆಗಬೇಕೆಂದು ಸಮಿತಿ ತೀರ್ಮಾನಿಸಿತು. ಯಾರದೋ ಮಗಳ ಗ್ರ್ಯಾಜುಯೇಷನ್ನಿಗೆ ವಿಡಿಯೋ ಮಾಡಿಕೊಟ್ಟಿದ್ದ ಒಬ್ಬ ಹುಡುಗನ ಫೋನ್ ನಂಬರು ಸಿಕ್ಕಿತು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಆಫ್ರಿಕನ್ ಅಮೆರಿಕನ್, ವಾರವಿಡೀ ಗೋದಾಮಿನಲ್ಲಿ ಕೆಲಸ, ಶನಿವಾರ ಭಾನುವಾರ ಮದುವೆ ಮತ್ತು ಚರ್ಚಿನ ಸಮಾರಂಭಗಳ ಚಿತ್ರೀಕರಣ. ಉಳಿದ ದುಡ್ಡಿನಲ್ಲಿ ತನ್ನದೇ ಕಿರುಚಿತ್ರ. ಅವನು 4000 ಡಾಲರ್ ಕೇಳಿದ. ನಾವು ಕನ್ನಡಿಗರು, ತರಕಾರಿಯ ಹಾಗೆ ಚೌಕಾಸಿ ಮಾಡಿ 2200ಕ್ಕೆ ಇಳಿಸಿದೆವು. ಇಳಿಸಿದ್ದು ನಾನೇ. ‘ನಮ್ಮ 60 ಕುಟುಂಬಗಳಲ್ಲಿ ನಿನಗೆ ಪ್ರಚಾರ ಸಿಗುತ್ತದೆ’ ಎಂದೂ ಹೇಳಿದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಒಂದು ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡೆ. ಅದರ ಒಂದು ಕಲಂ ಇಲ್ಲಿನ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಬಹಳ ಮುಖ್ಯವಾದದ್ದು. ಚಲನಚಿತ್ರದಂಥ ಕೆಲಸವನ್ನು ‘ಕೂಲಿಗಾಗಿ ಮಾಡಿದ ಕೆಲಸ’ ಎಂದು ಇಬ್ಬರೂ ಬರೆದು ಸಹಿ ಹಾಕಿದರೆ, ಕಾನೂನಿನ ಕಣ್ಣಿನಲ್ಲಿ ಅದರ ಕರ್ತೃ ಮಾಡಿದವನಲ್ಲ, ಮಾಡಿಸಿದವನು. ಒಡೆಯ ಮಾತ್ರವಲ್ಲ, ಕರ್ತೃ! ಒಂದು ರುಜುವಿನಿಂದ ನಮ್ಮ ಕೂಟದ ಸಮಿತಿ ಸಿನಿಮಾ ಕರ್ತೃವಾಗಿಬಿಟ್ಟಿತು.

ಅವನು ಮೊದಲ ಸಲ ಮನೆಗೆ ಬರುವ ದಿನ ಸಮಿತಿಯವರೊಬ್ಬರು ನನಗೆ ಫೋನ್ ಮಾಡಿ, ‘ಒಡವೆಗಿಡವೆ ಒಳಗಿಡಲಿಕ್ಕೆ ಹೇಳಿ’ ಅಂದರು. ನಾನು ಅವರಿಗೆ ಏನೂ ಹೇಳಲಿಲ್ಲ. ಮನೆಯಲ್ಲಿ ಒಳಗಿಡಿ ಎಂದೂ ಹೇಳಲಿಲ್ಲ, ಅಷ್ಟೇ. ಇದನ್ನು ಬರೆಯದೆ ಮುಂದಿನದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ.

ಅವನ ಕೆಲಸದಲ್ಲಿ ನಾನು ಮೊದಲು ಗಮನಿಸಿದ್ದು ಬೆಳಕು. ನಮ್ಮ ಮನೆಯ ಗೋಡೆ ಬಿಳಿ, ನಾನು ಕಪ್ಪು. ಫೋಟೋಗಳಲ್ಲಿ ಯಾವಾಗಲೂ ನನ್ನ ಹಲ್ಲು ಮತ್ತು ಅಂಗಿ ಮಾತ್ರ ಕಾಣುತ್ತಿದ್ದವು. ಅವನು ಅರ್ಧ ಗಂಟೆ ಪರದೆ ಎಳೆದು, ದೀಪ ತಿರುಗಿಸಿ, ನನ್ನ ಕೆನ್ನೆಗೆ ಕಿಟಕಿಯ ಬೆಳಕು ಓರೆಯಾಗಿ ಬೀಳುವಂತೆ ಕೂರಿಸಿದ. ಆಮೇಲೆ ಪುಟ್ಟ ಪರದೆಯಲ್ಲಿ ನೋಡಿದರೆ ನಾನು ನನ್ನ ಹಾಗೆಯೇ ಇದ್ದೆ. ಆಶ್ಚರ್ಯಪಟ್ಟಾಗ ಅವನು ಒಂದು ಇತಿಹಾಸ ಹೇಳಿದ. ಕೊಡಕ್ ಕಂಪನಿ ಬಣ್ಣದ ಫಿಲಂ ಮುದ್ರಣದ ಅಳತೆಗೆ ಪ್ರಯೋಗಾಲಯಗಳಿಗೆ ಒಬ್ಬ ಬಿಳಿ ಹೆಂಗಸಿನ ಚಿತ್ರ ಕಳಿಸುತ್ತಿತ್ತು. ‘ಶರ್ಲಿ ಕಾರ್ಡ್’ ಎಂದು ಅದಕ್ಕೆ ಹೆಸರು. ಶರ್ಲಿಯ ಮೈಬಣ್ಣ ಸರಿಯಾಗಿ ಬಂದರೆ ಜಗತ್ತು ಸರಿಯಾಗಿದೆ ಎಂದು ಲೆಕ್ಕ. ಕಪ್ಪು ಮಕ್ಕಳ ತಾಯಂದಿರು ಶಾಲೆಯ ಗುಂಪುಚಿತ್ರಗಳ ಬಗ್ಗೆ ದೂರುತ್ತಿದ್ದರು. ಆದರೆ ಕಂಪನಿ ಕಂದುಬಣ್ಣದ ಛಾಯೆಗಳನ್ನು ಸುಧಾರಿಸಿದ್ದರ ಹಿಂದೆ ಕೆಲಸ ಮಾಡಿದ್ದು ಚಾಕೊಲೇಟ್ ತಯಾರಕರ ಮತ್ತು ಮರದ ಪೀಠೋಪಕರಣದವರ ದೂರು, ಎಂದು ಅಲ್ಲಿ ಕೆಲಸ ಮಾಡಿದವರೇ ಆಮೇಲೆ ಹೇಳಿಕೊಂಡಿದ್ದಾರೆ. ನಮ್ಮ ಚರ್ಮಕ್ಕಿಂತ ಮೊದಲು ಮೇಜಿಗೆ ನ್ಯಾಯ ಸಿಕ್ಕಿತು. ನನ್ನ ಬಾಲ್ಯದಲ್ಲಿ ಸ್ಟುಡಿಯೋದವರು ಫೋಟೋ ಹಿಡಿಯುವ ಮೊದಲು ಮುಖಕ್ಕೆ ಪೌಡರು ಮೆತ್ತುತ್ತಿದ್ದುದು ನೆನಪಾಯಿತು. ದೋಷ ನಮ್ಮ ಮುಖದಲ್ಲಿದೆ ಎಂದೇ ನಾವು ತಿಳಿದುಕೊಂಡಿದ್ದೆವು.

ಇನ್ನು ಅಜ್ಜಿಯ ವಿಷಯ. ಕೂಟದ ಸದಸ್ಯರೊಬ್ಬರ ತಾಯಿ ಅರಸೀಕೆರೆ ಕಡೆಯಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದರು. ಅವರ ಮಾತು ಎರಡು ನಿಮಿಷ ಸಾಕಿತ್ತು. ಇವನು ಮೂರು ಮಧ್ಯಾಹ್ನ ಹೋಗಿ ಕೂತ. ಮೊದಲ ದಿನ ಕ್ಯಾಮೆರಾ ತೆಗೆಯಲೇ ಇಲ್ಲವಂತೆ. ಭಾಷೆ ಬರದು, ಹನ್ನೊಂದು ವರ್ಷದ ಮೊಮ್ಮಗ ದುಭಾಷಿ. ಅಜ್ಜಿ ಹುರುಳಿಕಾಯಿ ಮುರಿಯುತ್ತ ಕಿಟಕಿಯ ಹೊರಗೆ ನೋಡುತ್ತಾರೆ. ಬೆಳಗಿನಿಂದ ಹೋದ ಕಾರು ಎಣಿಸುತ್ತೇನೆ ಅನ್ನುತ್ತಾರೆ. ಕೆಂಪು ಕಾರು ಬಂದರೆ ಅದನ್ನು ಎರಡು ಎಂದು ಎಣಿಸುತ್ತಾರಂತೆ. ಯಾಕೆ ಅಂದರೆ, ಹೊತ್ತು ಹೋಗಲಿ ಅಂತ. ಕೊನೆಗೆ, ‘ಇಲ್ಲಿ ಸತ್ತರೆ ನನ್ನನ್ನು ಯಾರು ಏನೂಂತ ಕರೆದು ಅಳ್ತಾರೆ’ ಎನ್ನುತ್ತಾರೆ. ಮೊಮ್ಮಗ ಅದನ್ನು ಇಂಗ್ಲಿಷಿಗೆ ಮಾಡಲು ಹೋಗಿ ಸುಮ್ಮನಾಗುತ್ತಾನೆ. ಒಟ್ಟು ಒಂಬತ್ತು ನಿಮಿಷ.

ಸಮಿತಿಗೆ ತೋರಿಸಿದಾಗ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಮಾತಾಡಿದರು. ಇದು ಹಬ್ಬದ ಚಿತ್ರ, ಕಾನ್ಸುಲೇಟಿನವರು ಬರುತ್ತಾರೆ, ನಮ್ಮ ತಾಯಂದಿರನ್ನು ನಾವು ಕೂಡಿಹಾಕಿದ್ದೇವೆಯೇ, ಇತ್ಯಾದಿ. ಮಗನ ಮುಖ ಕಪ್ಪಿಟ್ಟಿತ್ತು. ತೆಗೆದುಬಿಡಿ ಎಂದರು. ಹುಡುಗ ವಾದ ಮಾಡಲಿಲ್ಲ. ‘ನಿಮ್ಮ ಚಿತ್ರದಿಂದ ತೆಗೆಯುತ್ತೇನೆ. ಆ ಒಂಬತ್ತು ನಿಮಿಷ ನನಗೆ ಬಿಟ್ಟುಕೊಡಿ, ಬೇರೆ ಚಿತ್ರ ಮಾಡುತ್ತೇನೆ, ಅಜ್ಜಿಯನ್ನು ಕೇಳಿಯೇ ಮಾಡುತ್ತೇನೆ’ ಎಂದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಕರಾರುಪತ್ರ ತೆರೆದು ಆ ಕಲಂ ಓದಿದೆ. ಅವನು ಡ್ರೈವ್ ನನ್ನ ಕೈಗಿಟ್ಟ. ತನ್ನ ಬಳಿಯ ಪ್ರತಿಯನ್ನು ಅಳಿಸಿದ್ದೇನೆಂದು ವಾರದೊಳಗೆ ಪತ್ರ ಬರೆದ. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, ‘ಆಸ್ಕರ್ ಮಿಷೋ ಗೊತ್ತೇ? ಇಲ್ಲಿಂದ ಮೂರು ಗಂಟೆ ದಾರಿ, ಸೂ ಸಿಟಿಯಲ್ಲಿ ಕಂಪನಿ ನಡೆಸಿದವನು’ ಅಂದ. ಗೊತ್ತು ಎಂಬಂತೆ ತಲೆಯಾಡಿಸಿದೆ. ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದುಕೊಂಡೆ. ಮಿಷೋ 1884ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವನು. ಅಪ್ಪ ಅಮ್ಮ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿದ್ದವರು. ರೈಲುಗಳ ಪುಲ್‌ಮನ್ ಡಬ್ಬಿಗಳಲ್ಲಿ ಸಾಮಾನು ಹೊರುವ ಕೆಲಸ ಮಾಡಿದ. ದುಡ್ಡು ಕೂಡಿಟ್ಟು ಸೌತ್ ಡಕೋಟಾದಲ್ಲಿ ಜಮೀನು ಹಿಡಿದು ಬೇಸಾಯ ಮಾಡಿದ, ಸೋತ. ಆ ಬದುಕನ್ನೇ ಕಾದಂಬರಿ ಮಾಡಿ ತಾನೇ ಅಚ್ಚು ಹಾಕಿಸಿ ಮನೆಮನೆಗೆ ಹೊತ್ತು ಮಾರಿದ. 1918ರಲ್ಲಿ ಲಿಂಕನ್ ಮೋಷನ್ ಪಿಕ್ಚರ್ ಎಂಬ ಕಂಪನಿ, ಅದೂ ಕಪ್ಪು ಜನರದೇ, ಅವನ ‘ದಿ ಹೋಮ್‌ಸ್ಟೆಡರ್’ ಕಾದಂಬರಿಯನ್ನು ಚಿತ್ರ ಮಾಡಲು ಕೇಳಿತು. ಚಿತ್ರೀಕರಣದ ಮೇಲ್ವಿಚಾರಣೆ ನನ್ನದೇ ಆಗಬೇಕು ಎಂದು ಇವನು ಪಟ್ಟು ಹಿಡಿದ. ಮಾತು ಮುರಿಯಿತು. ಒಂದು ಚಿತ್ರವನ್ನೂ ಮಾಡಿ ಗೊತ್ತಿಲ್ಲದ ಮನುಷ್ಯ! ತಾನೇ ಕಂಪನಿ ಕಟ್ಟಿ, ಸೂ ಸಿಟಿಯ ಸುತ್ತಮುತ್ತಲಿನ ರೈತರಿಗೆ, ಬಹುಪಾಲು ಬಿಳಿಯರಿಗೆ, 75ರಿಂದ 100 ಡಾಲರಿಗೆ ಒಂದರಂತೆ ಷೇರು ಮಾರಿದ. 1919ರಲ್ಲಿ ಚಿತ್ರ ಷಿಕಾಗೋದಲ್ಲಿ ತೆರೆಕಂಡಿತು. ಮುಂದೆ ಸುಮಾರು ಮೂರು ದಶಕಗಳಲ್ಲಿ 40ಕ್ಕೂ ಹೆಚ್ಚು ಚಿತ್ರಗಳು. ಡಬ್ಬಗಳನ್ನು ಹೊತ್ತು ಊರೂರು ತಿರುಗಿ, ಕಪ್ಪು ಜನರ ಚಿತ್ರಮಂದಿರಗಳಿಗೆ ತಾನೇ ಒಯ್ದು ಕೊಟ್ಟ. 1928ರಲ್ಲಿ ದಿವಾಳಿ ಎದ್ದ, ಮತ್ತೆ ಮೇಲೆದ್ದ. 1951ರಲ್ಲಿ ಊರಿಂದೂರಿಗೆ ಹೋಗುವ ಹಾದಿಯಲ್ಲೇ ತೀರಿಕೊಂಡ.

ಲೆಕ್ಕದವನಾದ ನನ್ನ ಕಣ್ಣು ನಿಂತದ್ದು ಷೇರಿನ ಮೇಲೆ. ‘ಸ್ವತಂತ್ರ’ ಎಂದರೆ ನಾವು ಯಾರ ಹಂಗೂ ಇಲ್ಲದವನು ಎಂದು ಅರ್ಥ ಮಾಡುತ್ತೇವೆ. ಹಂಗಿಲ್ಲದೆ ಕವಿತೆ ಬರೆಯಬಹುದು, ಸಿನಿಮಾ ಆಗುವುದಿಲ್ಲ. ಬೇರೆಯವರ ದುಡ್ಡು ಬೇಕೇ ಬೇಕು. ಮಿಷೋ ಕೂಡ ಸಾಲಗಾರನೇ, ಆದರೆ ತನ್ನ ಸಾಲ ಹೇಗಿರಬೇಕೆಂದು ತಾನೇ ಆರಿಸಿಕೊಂಡ. ಷೇರು ಕೊಂಡ ರೈತ ಲಾಭಕ್ಕೂ ನಷ್ಟಕ್ಕೂ ಪಾಲುಗಾರ. ನೂರು ಡಾಲರಿನವನು ನೂರು ಡಾಲರಿನಷ್ಟೇ ಮಾತಾಡಬಲ್ಲ. ನಾವು ಕೊಟ್ಟದ್ದು ಕೂಲಿ. ನಷ್ಟದ ಭಯವಿಲ್ಲದೆ ಪೂರ್ತಿ ಒಡೆತನ ಕೊಂಡೆವು. ಅದೂ ಚೌಕಾಸಿಯ ದರದಲ್ಲಿ.

ನಮ್ಮೂರಲ್ಲಿ ಹರಕೆ ಆಟ ಅಂತ ಇದೆ. ಮಂದಾರ್ತಿ ಮೇಳದ ಆಟ ಆಡಿಸುತ್ತೇನೆ ಎಂದು ಹರಕೆ ಹೊತ್ತವನು ಖರ್ಚೆಲ್ಲ ಹಾಕುತ್ತಾನೆ. ಊರಿಗೆ ಊರೇ ಬಂದು ನೋಡುತ್ತದೆ. ಖರ್ಚು ಹಾಕಿದವನಿಗೆ ಪ್ರಸಾದ, ಮುಂದಿನ ಸಾಲಿನಲ್ಲಿ ಕುರ್ಚಿ. ನಡುರಾತ್ರಿ ಎದ್ದು, ‘ಕರ್ಣನನ್ನು ಕೊಲ್ಲಬೇಡಿ, ನನ್ನ ಮಗಳ ಮದುವೆ ಇದೆ’ ಎಂದು ಅವನು ಹೇಳುವುದಿಲ್ಲ. ಹೇಳಿದರೂ ಭಾಗವತರು ಕೇಳುವುದಿಲ್ಲ. ಹಣ ಕೊಟ್ಟವನು ಆಟವನ್ನು ಕೊಂಡಿಲ್ಲ, ಆಡಿಸಿದ್ದಾನೆ, ಅಷ್ಟೇ. ಇಂಥ ಊರಿನಿಂದ ಬಂದ ನನಗೆ ಆ ದಿನ ಇದು ಹೊಳೆಯಲಿಲ್ಲ, ಕರಾರಿನ ಕಲಂ ಮಾತ್ರ ಹೊಳೆಯಿತು. ಇಲ್ಲಿಯೂ ಹರಕೆಯಂಥದು ನಡೆದಿದೆ. ಸ್ಪೈಕ್ ಲೀ ‘ಮಾಲ್ಕಮ್ ಎಕ್ಸ್’ (1992) ಮಾಡುವಾಗ ದುಡ್ಡು ಮೀರಿ, ಖಾತರಿ ಕಂಪನಿ ಕೈಹಾಕಿ ಕೆಲಸ ನಿಲ್ಲುವ ಹಾಗಾದಾಗ, ಆತ ಓಪ್ರಾ ವಿನ್‌ಫ್ರೇ, ಮೈಕೆಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಪ್ರಿನ್ಸ್ ಮೊದಲಾದವರನ್ನು ಕೇಳಿದ. ಅವರು ಕೊಟ್ಟದ್ದು ಸಾಲವೂ ಅಲ್ಲ, ಷೇರೂ ಅಲ್ಲ. ಚಿತ್ರ ಮೂರು ಗಂಟೆ ಇಪ್ಪತ್ತು ನಿಮಿಷದ್ದಾಗಿಯೇ ಹೊರಬಂತು.

ಹಾಗೆಂದು ಮಾಡಿದವನೇ ಸರ್ವಾಧಿಕಾರಿ ಎಂದು ಒಪ್ಪಿಬಿಡುವುದೂ ಸುಲಭವಲ್ಲ. ಚಾರ್ಲ್ಸ್ ಬರ್ನೆಟ್ ಎಂಬಾತ ಲಾಸ್ ಏಂಜಲಿಸಿನ ವಾಟ್ಸ್ ಬಡಾವಣೆಯಲ್ಲಿ ಬೆಳೆದವನು. 1970ರ ದಶಕದಲ್ಲಿ ಯು.ಸಿ.ಎಲ್.ಎ.ಯಲ್ಲಿ ಓದುತ್ತ, ವಾರಾಂತ್ಯಗಳಲ್ಲಿ, ನೆರೆಹೊರೆಯವರನ್ನೇ ಹಾಕಿಕೊಂಡು 10,000 ಡಾಲರಿಗೂ ಕಡಿಮೆ ಖರ್ಚಿನಲ್ಲಿ ‘ಕಿಲ್ಲರ್ ಆಫ್ ಶೀಪ್’ ಮಾಡಿದ. ಕಸಾಯಿಖಾನೆಯಲ್ಲಿ ದುಡಿದು ನಿದ್ದೆ ಬಾರದ ಒಬ್ಬ ಗಂಡಸಿನ ಮನೆಯ ಚಿತ್ರ. ಬರೆದವನು, ಚಿತ್ರಿಸಿದವನು, ಸಂಕಲಿಸಿದವನು, ನಿರ್ಮಿಸಿದವನು ಎಲ್ಲ ಅವನೇ. ಇದಕ್ಕಿಂತ ಸ್ವತಂತ್ರ ಯಾರು? ಆದರೆ ಚಿತ್ರದಲ್ಲಿ ಬಳಸಿದ ಹಾಡುಗಳ ಹಕ್ಕು ಬೇರೆಯವರದು. ವಿದ್ಯಾರ್ಥಿಗೆ ಅದನ್ನು ಕೊಳ್ಳುವ ಶಕ್ತಿ ಎಲ್ಲಿ? 1990ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿದ ಚಿತ್ರ ಸರಿಯಾಗಿ ಬಿಡುಗಡೆಯಾದದ್ದು 2007ರಲ್ಲಿ. ಹಾಡಿನ ಹಕ್ಕುಗಳಿಗೆ ತೆತ್ತದ್ದು ಸುಮಾರು 150,000 ಡಾಲರ್, ಚಿತ್ರ ಮಾಡಿದ್ದಕ್ಕಿಂತ ಹದಿನೈದು ಪಟ್ಟು. ಬರ್ನೆಟ್ಟನ ಪರವಾಗಿ ಸಿಟ್ಟು ಬರುತ್ತದೆ. ಆದರೆ ಆ ಹಾಡು ಹಾಡಿದವರಲ್ಲಿ ಪಾಲ್ ರೋಬ್ಸನ್, ಡೈನಾ ವಾಷಿಂಗ್ಟನ್ ಇದ್ದಾರೆ. ಅವರೂ ಕಪ್ಪು ಕಲಾವಿದರೇ. ಹಾಡಿದವರಿಗೆ ಹಕ್ಕಿಲ್ಲ ಎನ್ನುವ ಬಾಯಿ ನನಗಿಲ್ಲ.

2025ರಲ್ಲಿ ರಯಾನ್ ಕೂಗ್ಲರ್ ತನ್ನ ‘ಸಿನರ್ಸ್’ ಚಿತ್ರಕ್ಕೆ ವಾರ್ನರ್ ಸ್ಟುಡಿಯೋದ ಜೊತೆ ಮಾಡಿಕೊಂಡ ಒಪ್ಪಂದ ಸುದ್ದಿಯಾಯಿತು. ದುಡ್ಡು ಸ್ಟುಡಿಯೋದ್ದು, ಆದರೆ 25 ವರ್ಷದ ನಂತರ ಒಡೆತನ ಅವನಿಗೆ ಮರಳುತ್ತದೆ. ಇದು ಪದ್ಧತಿಯಾದರೆ ಸ್ಟುಡಿಯೋಗಳ ಗತಿಯೇನು ಎಂದು ಉದ್ಯಮದ ಕೆಲವರು ಗಾಬರಿಯಾದರಂತೆ. ನನಗಂತೂ ನ್ಯಾಯವಾದ ಗೇಣಿ ಒಪ್ಪಂದದ ಹಾಗೆ ಕಂಡಿತು. ನಮ್ಮ ಕರಾರಿನಲ್ಲಿ ನಾನು ಇಂಥ ಒಂದು ಸಾಲು ಸೇರಿಸಿದ್ದರೆ ಕೂಟಕ್ಕೆ ಏನು ಕಳೆದುಹೋಗುತ್ತಿತ್ತು?

ನಮ್ಮ ಸಮಿತಿಯ ಪರವಾಗಿಯೂ ಒಂದು ಮಾತು ಹೇಳಬೇಕು, ಅವರು ಕೆಟ್ಟವರಲ್ಲ. ಅಂದು ಒಬ್ಬರು ಕೇಳಿದ್ದರು: ‘ಕನ್ನಡ ಬಾರದ ಹೊರಗಿನ ಹುಡುಗ ನಮ್ಮ ಅಜ್ಜಿಯ ದುಃಖವನ್ನು ಹೊರಗಿನವರಿಗೆ ತೋರಿಸುವುದು ಎಂದರೇನು?’ ಇದು ಹಗುರವಾದ ಪ್ರಶ್ನೆಯಲ್ಲ. ವಿಚಿತ್ರವೆಂದರೆ ಕಪ್ಪು ನಿರ್ದೇಶಕರ ಇಡೀ ಪರಂಪರೆ ಇದೇ ಪ್ರಶ್ನೆಯ ಮೇಲೆ ನಿಂತಿದೆ. 1915ರಲ್ಲಿ ಗ್ರಿಫಿತ್ ‘ಬರ್ತ್ ಆಫ್ ಎ ನೇಷನ್’ ಮಾಡಿ, ಬಿಳಿ ನಟರ ಮುಖಕ್ಕೆ ಮಸಿ ಬಳಿದು, ಕಪ್ಪು ಗಂಡಸರನ್ನು ರಾಕ್ಷಸರನ್ನಾಗಿ ತೋರಿಸಿದ. ಐದು ವರ್ಷದ ನಂತರ ಮಿಷೋ ‘ವಿದಿನ್ ಅವರ್ ಗೇಟ್ಸ್’ ಚಿತ್ರದಲ್ಲಿ ಒಂದು ಕಪ್ಪು ಕುಟುಂಬವನ್ನು ಬಿಳಿಯರ ಗುಂಪು ನೇಣು ಹಾಕುವುದನ್ನು ತೋರಿಸಿದಾಗ, ಗಲಭೆಯಾದೀತೆಂದು ಷಿಕಾಗೋದ ಸೆನ್ಸಾರಿನವರು ತಡೆದರು. ನಮ್ಮ ಕಥೆ ನಾವು ಹೇಳುತ್ತೇವೆ ಎಂಬ ಹಟ ಅಲ್ಲಿಂದ ಬಂದದ್ದು. ಹಾಗಾದರೆ ನಮ್ಮ ಅಜ್ಜಿಯ ಕಥೆ ನಾವೇ ಹೇಳಬೇಕಲ್ಲವೇ?

ನಮ್ಮೂರ ಕಾರಂತರು 1933ರಲ್ಲಿ ‘ಚೋಮನ ದುಡಿ’ ಬರೆದರು. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದರು. ಚೋಮನ ದುಃಖವನ್ನು ಕನ್ನಡಕ್ಕೆ ಹೇಳಿದವರು ಇಬ್ಬರೂ ಚೋಮನ ಕೇರಿಯವರಲ್ಲ. ಅವರು ಹೇಳಬಾರದಿತ್ತು ಎಂದು ನಾನು ಹೇಳಲಾರೆ. ಆ ಕಾದಂಬರಿ ಓದಿಯೇ ನನಗೆ ಮೊದಲ ಸಲ ನನ್ನ ಮನೆಯ ಹಿತ್ತಿಲ ಬಾಗಿಲು ಯಾರಿಗಾಗಿ ಇದೆ ಎಂದು ಗೊತ್ತಾದದ್ದು. ಆದರೆ ಚೋಮನಿಗೆ ಆ ಚಿತ್ರ ತೋರಿಸಿ, ಸರಿಯೇ ಎಂದು ಕೇಳುವ ದಾರಿ ಇರಲಿಲ್ಲ. ಹೊರಗಿನವನೋ ಒಳಗಿನವನೋ ಎಂಬುದಕ್ಕಿಂತ ಈ ಕೇಳುವ ದಾರಿ ಇದೆಯೋ ಇಲ್ಲವೋ ಎಂಬುದೇ ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ಅಜ್ಜಿಯ ಮುಂದೆ ಮೂರು ಮಧ್ಯಾಹ್ನ ಕೂತವನು ಆ ಹುಡುಗ. 25 ವರ್ಷದ ಕೂಟದ ನಾವು, ಒಬ್ಬರೂ, ಒಂದು ಮಧ್ಯಾಹ್ನ ಕೂತಿರಲಿಲ್ಲ. ಅವನು ಅಜ್ಜಿಯನ್ನು ಕೇಳುತ್ತೇನೆ ಎಂದ. ನಾವು ಅಜ್ಜಿಯ ಪರವಾಗಿ ತೀರ್ಮಾನಿಸಿದೆವು, ಅವರನ್ನು ಕೇಳಲಿಲ್ಲ. ‘ನಮ್ಮ’ ಎಂಬ ಮಾತಿನ ಮರೆಯಲ್ಲಿ ನಾವು ರಕ್ಷಿಸಿದ್ದು ಅಜ್ಜಿಯನ್ನೋ ನಮ್ಮನ್ನೋ?

ಕಳೆದ ವರ್ಷ ಅಜ್ಜಿ ಅರಸೀಕೆರೆಯಲ್ಲಿ ತೀರಿಕೊಂಡರು. ಮಗ ಸಮಯಕ್ಕೆ ತಲುಪಲಾಗಲಿಲ್ಲ. ಎರಡು ತಿಂಗಳ ನಂತರ ನಮ್ಮ ಮನೆಗೆ ಬಂದು, ಕಾಫಿ ಆರುವವರೆಗೂ ಸುಮ್ಮನೆ ಕೂತಿದ್ದು, ‘ಅಂದು ತೆಗೆಸಿದ್ದು ನಿಮ್ಮ ಹತ್ತಿರ ಉಂಟಾ?’ ಎಂದು ಕೇಳಿದರು. ಮೇಜಿನ ಖಾನೆಯಲ್ಲಿ ತೆರಿಗೆ ರಶೀದಿಗಳ ಕೆಳಗೆ ಡ್ರೈವ್ ಇತ್ತು. ತೆರೆದುಕೊಳ್ಳುತ್ತದೋ ಇಲ್ಲವೋ ಎಂದು ನನ್ನ ಎದೆ ಹೊಡೆದುಕೊಂಡಿತು. ಮಿಷೋನ ‘ಹೋಮ್‌ಸ್ಟೆಡರ್’ ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ; ‘ವಿದಿನ್ ಅವರ್ ಗೇಟ್ಸ್’ ಎಷ್ಟೋ ದಶಕಗಳ ನಂತರ ಸ್ಪೇನಿನಲ್ಲಿ, ಬೇರೆ ಹೆಸರಿನಲ್ಲಿ ಸಿಕ್ಕಿತು. ನನ್ನ ಡ್ರೈವ್ ಒಂದು ಸಲ ಗೊರಗುಟ್ಟಿ ತೆರೆದುಕೊಂಡಿತು. ಇಬ್ಬರೂ ಒಂಬತ್ತು ನಿಮಿಷ ನೋಡಿದೆವು. ಅವರು ಮತ್ತೊಮ್ಮೆ ಹಾಕಿ ಎಂದರು. ಆಮೇಲೆ, ‘ಕೈ ಎಷ್ಟು ಚೆನ್ನಾಗಿ ತೆಗೆದಿದ್ದಾನೆ’ ಎಂದರು. ಹುರುಳಿಕಾಯಿಯ ನಾರು ಎಳೆಯುವ ಆ ಕೈಯ ಒಂದೊಂದು ಗೆರೆಯೂ, ಕಪ್ಪು ಚರ್ಮದ ಮೇಲೆ ಮಧ್ಯಾಹ್ನದ ಬಿಸಿಲೂ, ಎಲ್ಲ ಇತ್ತು.

ಮಗನಿಗೆ ಒಂದು ಪ್ರತಿ ಮಾಡಿಕೊಟ್ಟೆ. ಆಮೇಲೆ ಕೂಟದ ಈಗಿನ ಸಮಿತಿಗೆ ಬರೆದೆ: ಇದರ ಹಕ್ಕನ್ನು ಮಾಡಿದವನಿಗೆ ಮರಳಿಸೋಣ, ಮಗನ ಒಪ್ಪಿಗೆ ಇದೆ. ಈಗಿನವರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಮುಂದೆ ಎಲ್ಲ ಫೋಟೋಗ್ರಾಫರುಗಳೂ ಹೀಗೆ ಕೇಳಿದರೆ ಏನು ಮಾಡುವುದು, ವಕೀಲರನ್ನು ಕೇಳಬೇಕು, ಮುಂದಿನ ಸಭೆಯಲ್ಲಿ ಇಡೋಣ ಎಂದು ಉತ್ತರ ಬಂತು. ಮೂರು ಸಭೆ ಆದವು. ಖಜಾಂಚಿಯಾಗಿ ಹದಿನಾಲ್ಕು ವರ್ಷ ಕೂಟದ ಒಂದು ಡಾಲರನ್ನೂ ಅನುಮತಿಯಿಲ್ಲದೆ ಮುಟ್ಟಿದವನಲ್ಲ ನಾನು. ಆಗಸ್ಟಿನಲ್ಲಿ ಅನುಮತಿಯಿಲ್ಲದೆಯೇ ಕೂಟದ ಆಸ್ತಿಯ ಪ್ರತಿಯೊಂದನ್ನು ಅಂಚೆಯಲ್ಲಿ ಅವನಿಗೆ ಕಳಿಸಿದೆ. ಜೊತೆಗೆ ಅಂದು ಇಳಿಸಿದ 1800 ಡಾಲರಿನ ಚೆಕ್ಕು, ನನ್ನ ಸ್ವಂತ ಖಾತೆಯದು. ಮಾಡಿದ್ದನ್ನು ಸಮಿತಿಗೂ ಬರೆದು ತಿಳಿಸಿದ್ದೇನೆ. ಇದು ನ್ಯಾಯವೋ ಕಳ್ಳತನವೋ ಎಂದು ಹೆಂಡತಿ ಕೇಳಿದಳು. ಎರಡೂ ಇರಬಹುದು ಎಂದೆ.

ಅವನು ಈಗ ಅಟ್ಲಾಂಟಾದಲ್ಲಿದ್ದಾನೆ. ಎರಡು ಕಿರುಚಿತ್ರ ಮಾಡಿದ್ದಾನೆ, ಹೊಟ್ಟೆಪಾಡಿಗೆ ಈಗಲೂ ಮದುವೆಗಳೇ. ಚೆಕ್ಕನ್ನು ವಾಪಸು ಕಳಿಸಲಿಲ್ಲ, ಅದು ನನಗೆ ಸಮಾಧಾನ ಕೊಟ್ಟಿತು. ಪತ್ರದಲ್ಲಿ ಧನ್ಯವಾದ ಒಂದು ಸಾಲು. ಉಳಿದದ್ದೆಲ್ಲ ಕೆಲಸದ ಮಾತು: ಕೂಟದ ಸಹಿ ಇಲ್ಲದೆ ಇದನ್ನು ಎಲ್ಲಿಯೂ ತೋರಿಸುವುದಿಲ್ಲ, ಆದರೆ ಸಂಕಲನ ಶುರುಮಾಡುತ್ತೇನೆ; ಅಜ್ಜಿಯ ಮಾತನ್ನು ಮೊಮ್ಮಗ ಹೇಳಿದಂತೆ ಅಲ್ಲ, ಅವರೇ ಹೇಳಿದಂತೆ ಅನುವಾದ ಮಾಡಿಕೊಡುವಿರಾ? ಮತ್ತು, ಚಿತ್ರದಲ್ಲಿ ಆ ಹುಡುಗನ ಧ್ವನಿ ಇದೆ, ಅವನಿಗೆ ಈಗ 22 ಆಗಿರಬೇಕು. ಅಂದು ಅವನ ಪರವಾಗಿ ದೊಡ್ಡವರು ಒಪ್ಪಿದ್ದರು, ಈಗ ಅವನನ್ನೇ ಕೇಳಬೇಕು, ಫೋನ್ ನಂಬರು ಕೊಡಿ ಎಂದು ಬರೆದಿದ್ದ.

ಮೊಮ್ಮಗನಿಗೆ ಕೇಳಿ ನಂಬರು ಕಳಿಸಿದ್ದೇನೆ. ಅನುವಾದ ಅರ್ಧ ಆಗಿದೆ. ‘ಏನೂಂತ ಕರೆದು ಅಳ್ತಾರೆ’ ಎಂಬಲ್ಲಿ ನಿಂತಿದ್ದೇನೆ.